ಅಜ್ಜ ಕೇಳಿದ ಚಹಾ

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಮೂರು ವಾರದ ಹಿಂದೆ ನಮ್ಮ ವಾರ್ಡಿನಲ್ಲಿ ಕಿಡ್ನಿ ಕೆಟ್ಟಿದ್ದ ಅಜ್ಜ ಒಬ್ಬರು ತೀರಿಕೊಂಡರು. ಹಿಂದಿನ ಸಂಜೆ "ಒಂದ್ ಕಪ್ ಚಾ ಕೊಡವ್ವಾ" ಎಂದಿದ್ದರು. ನೀರು ಅಳೆದು ಕೊಡಬೇಕೆಂದು ಡಾಕ್ಟರ್ ಬರೆದಿದ್ದರು. "ನಾಳೆ ಕೊಡ್ತೀನ್ರಿ ಅಜ್ಜಾ" ಎಂದೆ. ಬೆಳಿಗ್ಗೆ ಸಿಸ್ಟರ್ ಜೊತೆ ನಾನೇ ಅವರ ಮೈ ಒರೆಸಿ ಬಟ್ಟೆ ಸುತ್ತಿದೆ. ಅಳು ಬರಲಿಲ್ಲ. ಮೆಸ್ಸಿಗೆ ಹೋಗಿ ರೊಟ್ಟಿಯನ್ನೂ ತಿಂದೆ. ಈಗ ಯಾರಾದರೂ ಚಹಾ ಕುಡಿಯುವುದು ಕಂಡರೆ ಗಂಟಲು ಕಟ್ಟುತ್ತದೆ. ಸೀನಿಯರ್‌ಗಳು "ರೂಢಿ ಆಗ್ತೈತಿ ಬಿಡು" ಅನ್ನುತ್ತಾರೆ. ರೂಢಿಯಾಗಿ ಕಲ್ಲಾಗುವುದು ನನಗೆ ಬೇಡ. ಕೋರ್ಸ್ ಬಿಡಲೇ?

ತಂಗಿ, ಮೊದಲು ಆ ಚಹಾದ ಮಾತು. ಕಿಡ್ನಿ ಕೈಕೊಟ್ಟಾಗ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಕಾಲು ಬಾಯುತ್ತದೆ, ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತದೆ. ನೀನು ಆ ಅಳತೆ ಕಾಯ್ದದ್ದು ಅಜ್ಜ ಉಸಿರಾಡಲಿ ಅಂತಲೇ. ಆದರೂ "ನಾಳೆ" ಎಂದದ್ದು ಚುಚ್ಚುತ್ತಿದೆ, ಅಲ್ವಾ?

ನಾನು ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ 19 ವರ್ಷ ನರ್ಸ್ ಆಗಿದ್ದೆ. ಒಬ್ಬ ಅಕ್ಕ ತಲೆ ಬಾಚಿಕೊಡು ಎಂದು ಬಾಚಣಿಗೆ ಕೈಗಿಟ್ಟಿದ್ದರು. ರೌಂಡ್ಸ್ ಮುಗಿಯಲಿ ಎಂದೆ. ತಿರುಗಿ ಬರುವಷ್ಟರಲ್ಲಿ ಬೆಡ್ಡಿಗೆ ಪರದೆ ಎಳೆದಿದ್ದರು. ಹಳದಿ ಬಾಚಣಿಗೆ, ಎರಡು ಹಲ್ಲು ಮುರಿದಿತ್ತು. ಇವತ್ತಿಗೂ ಕಣ್ಣ ಮುಂದಿದೆ. ಅಂದಿನಿಂದ ಸಣ್ಣ ಬೇಡಿಕೆಯನ್ನು ಮುಂದೆ ಹಾಕುವ ಮೊದಲು ಒಮ್ಮೆ ನಿಲ್ಲುವುದನ್ನು ಕಲಿತೆ. ಮುಂದಿನ ಸಲ ನೀನೂ ಸಿಸ್ಟರನ್ನು ಕೇಳು: ಇವತ್ತಿನ ಅಳತೆಯಲ್ಲೇ ಎರಡು ಗುಟುಕು ಚಹಾ ಲೆಕ್ಕ ಹಿಡಿದು ಕೊಡಬಹುದೇ? ಅದೂ ಆಗದಿದ್ದರೆ ಒದ್ದೆ ಹತ್ತಿಯಿಂದ ತುಟಿ ತೇವ ಮಾಡು.

ಇನ್ನು ಅಳು ಬರದಿದ್ದದ್ದು. ನಮ್ಮ ಕಡೆ ಸಾವಾದರೆ ಓಣಿಯ ಹೆಂಗಸರು ಬಂದು ಕೂರುತ್ತಾರೆ, ಹಾಡ್ಯಾಡಿ ಅಳುತ್ತಾರೆ. ಮಣ್ಣಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳುತ್ತಾರೆ. ಪಕ್ಕದ ಮನೆಯವರು ಬುತ್ತಿ ತರುತ್ತಾರೆ. ಅಜ್ಜನ ಮನೆಯವರಿಗೆ ಇದೆಲ್ಲ ಇತ್ತು. ನಿನಗೆ ಪಕ್ಕದ ಬೆಡ್ಡಿನ ಬಿಪಿ ನೋಡುವುದಿತ್ತು. ಅಳುವುದಕ್ಕೆ ಹೊತ್ತೆಲ್ಲಿತ್ತು? ಸತ್ತವರ ಮೈ ಹೇಗೆ ಒರೆಸಬೇಕು ಅಂತ ನಾವು ಕಲಿಸುತ್ತೇವೆ. ಒರೆಸಿ ಬಂದ ಹುಡುಗಿಯ ಪಕ್ಕ ಹತ್ತು ನಿಮಿಷ ಕೂರುವುದಿಲ್ಲ. ಇದು ನನಗೆ ತುಂಬಾ ನೋವು ಕೊಡುವ ಸಂಗತಿ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಂದು ರೂಢಿ ಶುರು ಮಾಡಿದರು. ರೋಗಿ ತೀರಿಕೊಂಡ ಮೇಲೆ ಡಾಕ್ಟರು, ನರ್ಸು ಎಲ್ಲರೂ ಬೆಡ್ಡಿನ ಸುತ್ತ ಒಂದು ನಿಮಿಷದಷ್ಟು ಸುಮ್ನೆ ನಿಲ್ಲುವುದು, ಅಷ್ಟೇ. ಇದಕ್ಕೆ ಯಾರ ಪರವಾನಗಿ ಬೇಕು? ನೀನೂ ಮಾಡು.

ಕಲ್ಲಾಗುವ ಭಯ ಬಿಡು. 2010ರಲ್ಲಿ ಬೆಳಗಾವಿಯ ಆಯುರ್ವೇದ ಕಾಲೇಜಿನಲ್ಲಿ ಡಾ. ಮಹಾಂತೇಶ ರಾಮಣ್ಣವರ ತಮ್ಮ ತಂದೆಯ ದೇಹವನ್ನೇ ಛೇದಿಸಿ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಅದು ತಂದೆಯದೇ ಆಸೆಯಾಗಿತ್ತು. ಅಪ್ಪನ ಮೇಲೆ ಅವರಿಗೆ ಪ್ರೀತಿ ಇರಲಿಲ್ಲ ಅನ್ನಲಾದೀತೇ? ನೀನು ಕಣ್ಣೀರಿಲ್ಲದೆ ಅಜ್ಜನ ಮೈ ಒರೆಸಿದ್ದೂ ಹಾಗೆಯೇ.

ಕೋರ್ಸ್ ಬಿಡುವ ನಿರ್ಧಾರ ಈಗ ಬೇಡ. ಅವತ್ತು ಜೊತೆಗಿದ್ದ ಸಿಸ್ಟರ್ ಹತ್ತಿರ ಕೂತು ಆ ಬೆಳಗಿನದನ್ನೆಲ್ಲ ಮಾತಾಡು. ಅವರಿಗೂ ಹೇಳುವುದು ಇರಬಹುದು. ನಿದ್ದೆ, ಊಟ ಕೆಟ್ಟಿದ್ದರೆ, ವಾರ್ಡಿಗೆ ಕಾಲಿಡಲೇ ಆಗದಿದ್ದರೆ, ಬದುಕೇ ಬೇಡ ಅನಿಸಿದರೆ ಒಂದು ದಿನವೂ ಕಾಯಬೇಡ. ಟೀಚರಿಗೆ ಹೇಳು. ಇಲ್ಲವೇ 14416ಕ್ಕೆ ಫೋನ್ ಮಾಡು. ಅದು ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ, ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಊರಿಗೆ ಹೋದಾಗ ಅವ್ವನ ಕೈಯಿಂದ ಚಹಾ ಮಾಡಿಸಿಕೊಂಡು ಅಜ್ಜನ ವಿಷಯ ಹೇಳು. ಹೆಸರು, ಊರು ಮಾತ್ರ ಹೇಳಬೇಡ. ಅವು ವಾರ್ಡಿನಲ್ಲೇ ಇರಲಿ.