ಬೆಲೆ ಗುಟ್ಟು, ಎತ್ತು ಬಯಲು

ಸಕಲೇಶಪುರ ಕಡೆಯ ನಿವೃತ್ತ ಹೆಡ್‌ಮಾಸ್ಟರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಪತ್ರ ಆರು ಪುಟ ಇತ್ತು. ಅಕ್ಷರ ಮುತ್ತಿನಂತಿದ್ದರೂ ಜಾಗ ಸಾಲದೆ ಕತ್ತರಿಸಿದ್ದೇನೆ.

‘ಸಂಪಾದಕರೇ, ನಮ್ಮ ತೋಟದಲ್ಲಿ ಅಪ್ಪನ ಕಾಲದ ಕಾಫಿ ಪಲ್ಪರ್, ಅಂದರೆ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ, ಇದೆ. ಕೈಯಲ್ಲಿ ತಿರುಗಿಸುವಂಥದ್ದು. ಈಗ ನಾವು ಹಣ್ಣನ್ನು ಹಾಗೇ ಒಣಗಿಸಿ ಚೆರಿ ಮಾಡಿ ಕೊಡುವುದರಿಂದ ಅದು ಮೂಲೆ ಸೇರಿದೆ. ಮಗ ಬೆಂಗಳೂರಿಗೆ ಹೊರಡುವ ಮೊದಲು ಅದರ ಫೋಟೊ ತೆಗೆದು, 18,000 ರೂಪಾಯಿ ಎಂದು ಬರೆದು, ಹಳೇ ಸಾಮಾನು ಮಾರುವ ಆ್ಯಪ್‌ಗೆ ಹಾಕಿದ. ಒಂದು ಗಂಟೆ ಆಗಿಲ್ಲ, ಫೋನ್ ಬಂತು. ತಾನು ಮಿಲಿಟರಿಯವನು, ಊರಿನ ತೋಟಕ್ಕೆ ಪಲ್ಪರ್ ಬೇಕು ಎಂದ. ಗುರುತಿನ ಚೀಟಿಯ ಫೋಟೊ ಕಳಿಸಿದ. ಚೌಕಾಸಿ ಮಾಡಲೇ ಇಲ್ಲ. ಮೊದಲು ಒಂದು ರೂಪಾಯಿ ಕಳಿಸಿ, ಬಂತಾ ಸರ್ ಎಂದು ಕೇಳಿದ. ಬಂದಿತ್ತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮ್ಮ ಖಾತೆಗೆ ಬರುತ್ತದೆ ಎಂದ. ಹಾಕಿದೆ. 18,000 ಹೋಯಿತು. ಅಯ್ಯೋ, ಏನೋ ತಪ್ಪಾಗಿದೆ, ವಾಪಸ್ ಕೊಡಲು ಇನ್ನೊಮ್ಮೆ ಸ್ಕ್ಯಾನ್ ಮಾಡಿ ಎಂದ. ಅದನ್ನೂ ಮಾಡಿದೆ. ಒಟ್ಟು 36,000. ಮಗನಿಗೆ ಹೇಳಲು ಐದು ದಿನ ಬೇಕಾಯಿತು. ಮನೆಯವಳಿಗೆ ಇವತ್ತಿಗೂ ಹೇಳಿಲ್ಲ. ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವನು ನಾನು. ಇನ್ನು ನೀವು ಫೋನಿನಲ್ಲಿ ದುಡ್ಡಿನ ವ್ಯವಹಾರ ಮಾಡಲೇಬೇಡಿ ಅನ್ನುತ್ತಾನೆ ಮಗ. ಅವನು ಹೇಳುವುದು ಸರಿಯೇ?’

ಮೇಷ್ಟ್ರೇ, ನಿಮ್ಮ ಮಗ ಒಳ್ಳೆಯವನೇ ಇರಬೇಕು. ಅವನ ಮಾತಿನಲ್ಲಿ ಅರ್ಧ ಸರಿ. ಆ ಅರ್ಧವನ್ನು ಬೇಗ ಮುಗಿಸಿಬಿಡೋಣ.

ಹಣ ಬರುವುದಕ್ಕೆ ಪಿನ್ ಬೇಡ. ಯುಪಿಐ 2016ರಲ್ಲಿ ಬಂದ ದಿನದಿಂದಲೂ ಇದೇ ಕ್ರಮ. ಪಿನ್ ಎಂದರೆ ನಿಮ್ಮ ಸಹಿ. ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ನೀವು ಕೊಡುತ್ತಿದ್ದೀರಿ ಅಂತಲೇ ಲೆಕ್ಕ, ಆ ಕಡೆಯವನು ಬಾಯಲ್ಲಿ ಏನೇ ಹೇಳಲಿ. ಮೊದಲು ಬಂದ ಒಂದು ರೂಪಾಯಿ ಇದೆಯಲ್ಲ, ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಇದರ ಅಣ್ಣನೊಬ್ಬನಿದ್ದ, ‘ಕಲೆಕ್ಟ್ ರಿಕ್ವೆಸ್ಟ್’ ಅಂತ. ಹಣ ಕೇಳುವ ಕೋರಿಕೆ ಕಳಿಸಿ, ಹಣ ಬರುತ್ತಿದೆ ಎಂದು ನಂಬಿಸುವುದು. ಅದರಿಂದ ಆದ ಮೋಸ ನೋಡಿ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಈ ಕೋರಿಕೆಯನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿ ಎಂದು ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಬ್ಯಾಂಕುಗಳಿಗೆ ಹೇಳಿತು. ಬಾಗಿಲು ಮುಚ್ಚಿದರು, ಕಳ್ಳ ಕಿಟಕಿಗೆ ಬಂದ.

ಹಾಗಂತ ಇಂಟರ್‌ನೆಟ್ ವ್ಯಾಪಾರವೇ ಕೆಟ್ಟದ್ದು ಎಂದು ನಾನೂ ಹೇಳುವುದಿಲ್ಲ. ಅರಸೀಕೆರೆಯಲ್ಲಿ ಕೊಬ್ಬರಿ ಹರಾಜು ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ವರ್ತಕ ತನ್ನ ಬೆಲೆಯನ್ನು ಅಲ್ಲೇ ನಮೂದಿಸುತ್ತಾನೆ. ಆದರೆ ಕೊಬ್ಬರಿ ಎಲ್ಲಿದೆ? ಮಾರುಕಟ್ಟೆಯ ಯಾರ್ಡ್‌ನಲ್ಲಿ, ಕಣ್ಣೆದುರು. ವರ್ತಕನಿಗೆ ಲೈಸೆನ್ಸ್ ಇದೆ, ಅಂಗಡಿ ಇದೆ, ನಾಳೆ ಅದೇ ಯಾರ್ಡ್‌ಗೆ ಬಂದು ನಾಲ್ಕು ಜನರ ಮುಖ ನೋಡಬೇಕಾಗಿದೆ. ನಿಮ್ಮ ಮಿಲಿಟರಿಯವನಿಗೆ ಏನಿತ್ತು? ಒಂದು ಫೋಟೊ.

ಈಗ ನಿಮ್ಮ ಮಗ ಹೇಳದೇ ಬಿಟ್ಟ ಅರ್ಧಕ್ಕೆ ಬರುತ್ತೇನೆ. ನೀವು ಮೋಸ ಹೋದದ್ದು ಫೋನ್ ಗೊತ್ತಿಲ್ಲದ್ದಕ್ಕಲ್ಲ. ಒಬ್ಬರೇ ಇದ್ದದ್ದಕ್ಕೆ.

ನಾನು ಹುಡುಗನಾಗಿದ್ದಾಗ ನಮ್ಮಪ್ಪ ರಾಮನಾಥಪುರದ ಷಷ್ಠಿ ಜಾತ್ರೆಗೆ ಎತ್ತು ಕೊಳ್ಳಲು ಹೋಗುತ್ತಿದ್ದರು. ಎಂದೂ ಒಬ್ಬರೇ ಹೋದವರಲ್ಲ. ಜೊತೆಗೆ ಪಕ್ಕದ ಮನೆಯ ದೊಡ್ಡಪ್ಪ ಇರಲೇಬೇಕು. ದೊಡ್ಡಪ್ಪ ಎಂದರೆ ನೆಂಟರೇನಲ್ಲ, ಹಾಗೆ ಕರೆಯುತ್ತಿದ್ದೆವು. ಅಪ್ಪನಿಗೆ ಎತ್ತು ಕಂಡ ಕೂಡಲೇ ಪ್ರೀತಿ ಬಂದುಬಿಡುತ್ತಿತ್ತು. ದೊಡ್ಡಪ್ಪನಿಗೆ ಬರುತ್ತಿರಲಿಲ್ಲ. ಅವರು ವಯಸ್ಸು ತಿಳಿಯಲು ಬಾಯಿ ಬಿಡಿಸಿ ಹಲ್ಲು ನೋಡೋರು. ಎರಡು ಹಲ್ಲಾ, ನಾಲ್ಕು ಹಲ್ಲಾ, ಎಲ್ಲ ಹಲ್ಲೂ ಬಂದು ಬಾಯಿ ಕೂಡಿದೆಯಾ. ಸುಳಿ ನೋಡೋರು. ಹತ್ತು ಹೆಜ್ಜೆ ನಡೆಸಿ ಅಂದು, ಸುಮ್ನೆ ನಿಂತು ಹಿಂದಿನ ಕಾಲನ್ನೇ ನೋಡೋರು. ಆಮೇಲೆ ‘ಕಾಫಿ ಕುಡಿದು ಬರೋಣ’ ಅನ್ನೋರು. ಆ ಕಾಫಿಯ ಮಹಿಮೆ ನನಗೆ ತಿಳಿಯಲು ಅರವತ್ತು ವರ್ಷ ಬೇಕಾಯಿತು. ಕುಡಿದು ಬರುವಷ್ಟರಲ್ಲಿ ಅಪ್ಪನ ಆಸೆ ಅರ್ಧ ಇಳಿದಿರುತ್ತಿತ್ತು.

ದನದ ಜಾತ್ರೆಯ ದಲ್ಲಾಳಿಗಳು ಟವಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ನೀವೂ ನೋಡಿದ್ದೀರಿ, ಅಲ್ವಾ? ಹೊರಗಿನವರಿಗೆ ಅದೇನೋ ಕಳ್ಳ ವ್ಯವಹಾರದಂತೆ ಕಾಣುತ್ತದೆ. ನಿಜಕ್ಕೂ ಅಲ್ಲಿ ಮುಚ್ಚಿಟ್ಟದ್ದು ಬೆಲೆಯೊಂದನ್ನೇ. ಎತ್ತು ಬಯಲಿನಲ್ಲಿ ನಿಂತಿರುತ್ತದೆ, ಮಾರುವವನು ನಿಂತಿರುತ್ತಾನೆ, ಅವನ ಊರಿನವರು ನಾಲ್ಕು ಜನ ಪಕ್ಕದಲ್ಲೇ ಬೀಡಿ ಸೇದುತ್ತಿರುತ್ತಾರೆ. ಫೋನಿನಲ್ಲಿ ಇದು ಪೂರ್ತಿ ತಿರುಗುಮುರುಗು. ಬೆಲೆಯನ್ನು ದೇಶಕ್ಕೆಲ್ಲ ಕಾಣುವಂತೆ ಬರೆದಿದ್ದಾರೆ. ಮಾಲು, ಮನುಷ್ಯ, ಊರು ಎಲ್ಲ ಟವಲ್ ಕೆಳಗೆ.

ಇನ್ನೊಂದು. ಅವನು ಚೌಕಾಸಿ ಮಾಡಲಿಲ್ಲ ಎಂದು ನೀವೇ ಬರೆದಿದ್ದೀರಿ. ಹಳೇ ಪಲ್ಪರ್‌ಗೆ ಕೇಳಿದಷ್ಟು ಕೊಡುವ ಮನುಷ್ಯ ಈ ಜಿಲ್ಲೆಯಲ್ಲಿ ಹುಟ್ಟಿದ್ದಾನೆಯೇ? ಜಾಲರಿ ತುಕ್ಕು ಹಿಡಿದಿದೆಯಾ, ಹ್ಯಾಂಡಲ್ ಗಟ್ಟಿಯಿದೆಯಾ, ಒಂದೂ ಕೇಳಲಿಲ್ಲ. ಅವನಿಗೆ ಪಲ್ಪರ್ ಬೇಕಿರಲಿಲ್ಲ. ಆದರೂ ನೀವು ನಂಬಿದ್ದು ಏಕೆಂದು ನನಗೆ ಗೊತ್ತು. ನಮ್ಮ ಕಡೆ ಮಿಲಿಟರಿಯವರೆಂದರೆ ಎದ್ದು ನಿಲ್ಲುವ ರೂಢಿ. ಆ ಮರ್ಯಾದೆಯನ್ನೇ ಅವನು ಬಂಡವಾಳ ಮಾಡಿಕೊಂಡ. ಅದಕ್ಕೆ ನೀವು ನಾಚಬೇಕಾಗಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿಗೆ ನೀವು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋಗಿಯೇ ಇರುತ್ತೀರಿ. ಅಲ್ಲೀಗ ಇರುವುದು ಶಾಸನದ ನಕಲು, ಅಸಲು ಕಲ್ಲು ಮೈಸೂರಿನಲ್ಲಿದೆ. ಕ್ರಿ.ಶ. 450ರ ಸುಮಾರಿನದು ಎನ್ನುತ್ತಾರೆ. ಕನ್ನಡದ ಹಳೆಯ ಶಾಸನ ಎಂದು ಎಲ್ಲರೂ ಎದೆ ತಟ್ಟಿಕೊಳ್ಳುತ್ತೇವೆ. ಅದರಲ್ಲಿ ಇರುವುದೇನು? ಯುದ್ಧ ಗೆದ್ದ ವಿಜ ಅರಸನಿಗೆ ಎರಡು ಊರು ಕೊಟ್ಟ ಸಂಗತಿ. ಸುಮ್ನೆ ಕೊಟ್ಟೆವು ಎಂದು ಬರೆದು ಬಿಡಲಿಲ್ಲ. ಯಾರಿಗೆ ಕೊಟ್ಟೆವು, ಯಾವ ಊರು ಕೊಟ್ಟೆವು ಎಂದು ಬರೆದರು. ‘ವೀರಪುರುಷಸಮಕ್ಷದೆ’ ಎಂದೂ ಬರೆದರು. ಅಂದರೆ ಎರಡು ನಾಡಿನ ವೀರರ ಎದುರಿಗೆ. ಅದನ್ನು ಅಳಿಸಿದವನಿಗೆ ಮಹಾಪಾತಕ ಎಂದು ಶಾಪವನ್ನೂ ಸೇರಿಸಿದರು. ಹದಿನೈದು ಶತಮಾನದ ಹಿಂದೆ ನಮ್ಮವರಿಗೆ ಗೊತ್ತಿತ್ತು, ಎದುರಿಗೆ ನಾಲ್ಕು ಜನ ಇಲ್ಲದೆ ಕೊಡುವುದು ಕೊಡುವುದಲ್ಲ ಅಂತ. ನಾವು ಅದನ್ನು ಪರೀಕ್ಷೆಯ ಒಂದು ಅಂಕದ ಪ್ರಶ್ನೆ ಮಾಡಿಬಿಟ್ಟೆವು.

ಈ ಕಳ್ಳರಿಗೆ ಸಾಕ್ಷಿ ಕಂಡರೆ ಆಗದು. ‘ಲೈನ್‌ನಲ್ಲೇ ಇರಿ ಸರ್, ಫೋನ್ ಇಡಬೇಡಿ’ ಎನ್ನುತ್ತಾರೆ. ‘ಈಗಲೇ ಮಾಡಿ, ಡ್ಯೂಟಿಗೆ ಹೋಗಬೇಕು’ ಎನ್ನುತ್ತಾರೆ. ಡಿಜಿಟಲ್ ಅರೆಸ್ಟ್ ಎಂಬ ಇನ್ನೊಂದು ನಾಟಕದಲ್ಲಂತೂ ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆ ಮಾಡಿ, ಕೋಣೆಯ ಬಾಗಿಲು ಹಾಕಿಸಿ, ಯಾರಿಗೂ ಹೇಳಕೂಡದು ಎಂದು ಹೆದರಿಸುತ್ತಾರೆ. ಹಾಗೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಗಳು ತಮ್ಮ ರೇಡಿಯೊ ಭಾಷಣದಲ್ಲಿ ಕೇಳಿಸಿದ ಕರೆಯೂ ನಮ್ಮ ವಿಜಯಪುರದವರಿಗೆ ಬಂದದ್ದೇ. ನೀವು ಒಂದು ಸಲ ಅಡುಗೆಮನೆ ಕಡೆ ತಿರುಗಿ, ‘ಲೇ, ಇವನ್ಯಾರೋ ಪಿನ್ ಹಾಕಿ ಅಂತಿದ್ದಾನೆ’ ಎಂದಿದ್ದರೆ ಸಾಕಿತ್ತು. ದುಡ್ಡು ಬರೋದಕ್ಕೆ ಪಿನ್ ಯಾಕ್ರೀ ಎಂದು ಅವರು ಕೇಳಿರೋರು. ನಮ್ಮ ಹೆಂಗಸರು ತರಕಾರಿಯವನ ತಕ್ಕಡಿಯನ್ನೇ ನಂಬಿದವರಲ್ಲ.

ಇಷ್ಟು ಉಪದೇಶ ಮಾಡುವ ನಾನೇನು ಜಾಣನಾ? ಹೋದ ವರ್ಷ ಫೇಸ್‌ಬುಕ್ ಜಾಹೀರಾತು ನೋಡಿ ಹಳೇ ನಿಘಂಟಿನ ಸಂಪುಟಗಳನ್ನು ತರಿಸಿದೆ. 900 ರೂಪಾಯಿಗೆ ಅಷ್ಟೂ ಸಂಪುಟ. ಮನೆ ಬಾಗಿಲಲ್ಲಿ ದುಡ್ಡು ಕೊಟ್ಟರೆ ಸಾಕು ಎಂದಿದ್ದಕ್ಕೆ ಧೈರ್ಯ ಬಂತು. ಪಾರ್ಸೆಲ್ ತೂಕವಾಗಿಯೇ ಇತ್ತು. ಬಿಚ್ಚಿದರೆ ಟ್ರಾವೆಲ್ ಏಜೆನ್ಸಿಯೊಂದರ ಹಳೇ ಕ್ಯಾಲೆಂಡರ್‌ಗಳು. ತಂದ ಹುಡುಗ ಅಷ್ಟರಲ್ಲಿ ಮುಂದಿನ ಬೀದಿ ತಲುಪಿದ್ದ. ಅವನದೇನು ತಪ್ಪು? ಬಿಚ್ಚಿ ನೋಡದೆ ದುಡ್ಡು ಕೊಟ್ಟವನು ನಾನು. ಕಚೇರಿಯಲ್ಲಿ ತಿಂಗಳುಗಟ್ಟಲೆ ನಕ್ಕರು. ನಗಲಿ ಎಂದೇ ನಾನಾಗಿ ಹೇಳಿದ್ದೆ.

ನಿಮ್ಮ ಮೇಲೆ ನನಗೆ ಸಿಟ್ಟು ಬಂದದ್ದು ಇಲ್ಲಿ. 36,000 ಕಳೆದುಕೊಂಡದ್ದಕ್ಕಲ್ಲ, ಐದು ದಿನ ಬಾಯಿ ಮುಚ್ಚಿಕೊಂಡದ್ದಕ್ಕೆ. ಸೈಬರ್ ವಂಚನೆಯ ದೂರಿಗೆಂದೇ ಇರುವ 1930 ಎಂಬ ಸಹಾಯವಾಣಿ ನಂಬರಿಗೆ ಆ ಕ್ಷಣವೇ ಫೋನ್ ಮಾಡಬೇಕಿತ್ತು. ಬ್ಯಾಂಕಿನ ಹೆಸರು, ಹಣ ಹೋದ ಹೊತ್ತು, ಸಂದೇಶದಲ್ಲಿರುವ ಹನ್ನೆರಡು ಅಂಕಿಯ ಸಂಖ್ಯೆ, ಇಷ್ಟು ಹೇಳಿದರೆ ಹಣ ಹೋಗಿ ಕೂತ ಖಾತೆಯನ್ನು ತಡೆಹಿಡಿಯಲು ದಾರಿಯಿದೆ. ಕಳ್ಳ ಅದನ್ನು ಬೇರೆ ಖಾತೆಗೆ ಸಾಗಿಸುವ ಮೊದಲು ಆಗಬೇಕಾದ ಕೆಲಸ ಅದು. ಹಾಸನದಲ್ಲಿ ಇಂಥ ಸೈಬರ್ ಅಪರಾಧಗಳನ್ನು ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಚಿಕ್ಕಮಗಳೂರಿನಲ್ಲೂ ಇದೆ. ರಿಸರ್ವ್ ಬ್ಯಾಂಕ್ 2017ರ ಜುಲೈ ಸುತ್ತೋಲೆಯಲ್ಲಿ ಸ್ಪಷ್ಟವಾಗಿ ಬರೆಯಿತು: ಗ್ರಾಹಕನ ಅಜಾಗರೂಕತೆಯಿಂದಲೇ ಹಣ ಹೋಗಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹೇಳುವವರೆಗೆ ಮಾತ್ರ ನಿಮ್ಮದು. ಈಗಲೂ ದೂರು ಕೊಡಿ. ಹಣ ಬರುತ್ತದೆ ಎಂದು ಆಸೆ ಹುಟ್ಟಿಸುವುದಿಲ್ಲ. ‘ಹೋದ ದುಡ್ಡು ವಾಪಸ್ ತಂದು ಕೊಡ್ತೀವಿ, ಸ್ವಲ್ಪ ಫೀಸು ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅವನು ಇದೇ ಕಳ್ಳನ ತಮ್ಮ.

ಜನ ಯಾಕೆ ಬಾಯಿ ಬಿಡುವುದಿಲ್ಲ? ನಾವು ನಗುತ್ತೇವೆ, ಅದಕ್ಕೆ. ಮನೆಗೆ ಕನ್ನ ಬಿದ್ದರೆ ಊರೆಲ್ಲ ಬಂದು ಮರುಗುತ್ತದೆ. ಫೋನಿನಲ್ಲಿ ದುಡ್ಡು ಹೋದರೆ ಹೋಟೆಲಿನ ಬೆಂಚಿನ ಮೇಲೆ, ‘ಓದಿದೋರು ಹಿಂಗ್ ಮಾಡ್ಕಂಡವ್ರೆ’ ಅನ್ನುತ್ತಾರೆ. ಆ ನಗುವಿನಿಂದ ಕಳ್ಳನಿಗೆ ಐದು ದಿನ ಸಿಗುತ್ತದೆ. ಹಣ ಹೋಗಿ ಸೇರುವ ಖಾತೆಗಳೂ ಆಕಾಶದಿಂದ ಇಳಿದವಲ್ಲ. ಎರಡು ಮೂರು ಸಾವಿರ ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಸಿಮ್ ಬಾಡಿಗೆಗೆ ಕೊಡುವ ಹುಡುಗರು ಎಲ್ಲ ಊರಲ್ಲೂ ಇದ್ದಾರೆ. ಅವರನ್ನು ಕಂಡು ಯಾರೂ ನಗುವುದಿಲ್ಲ.

ಬ್ಯಾಂಕಿಗೆ ಹೋದರೆ ‘ಆ್ಯಪ್‌ನಲ್ಲೇ ಮಾಡ್ಕೊಳಿ’ ಎಂದು ಹೊರಗೆ ಕಳಿಸುತ್ತಾರೆ. ಮಕ್ಕಳು ಹಬ್ಬಕ್ಕೆ ಬಂದಾಗ ಹೊಸ ಫೋನ್ ಕೊಟ್ಟು, ಹತ್ತು ನಿಮಿಷದಲ್ಲಿ ಹತ್ತು ಆ್ಯಪ್ ಹಾಕಿ, ‘ಈಸಿ ಅಪ್ಪಾ’ ಎಂದು ಬಸ್ ಹತ್ತುತ್ತಾರೆ. ಆಮೇಲೆ ನಾವು ಫೋನ್ ಮಾಡಿದರೆ ಮೀಟಿಂಗ್‌ನಲ್ಲಿರುತ್ತಾರೆ. ನಿಮ್ಮ ಮಗನಿಗೆ ಈ ಪುಟ ಕಳಿಸಿ. ಫೋಟೊ ಹಾಕಿದವನು ಅವನು, ಸಿಕ್ಕಿಬಿದ್ದವರು ನೀವು. ವ್ಯವಹಾರ ಮಾಡಬೇಡಿ ಎನ್ನುವ ಬದಲು, ಅಂಥ ಫೋನ್ ಬಂದಾಗ ನನಗೆ ಮಾಡಿ, ಮೀಟಿಂಗ್ ಇದ್ದರೂ ಎತ್ತುತ್ತೇನೆ ಎಂದು ಅವನು ಹೇಳಬೇಕಿತ್ತು.

ಪಲ್ಪರ್ ಇನ್ನೂ ಮೂಲೆಯಲ್ಲೇ ಇದೆ ಎಂದಿದ್ದೀರಿ. ಬೇಕಾದವರು ನಮ್ಮ ಕಚೇರಿಯಲ್ಲಿ ವಿಳಾಸ ಕೇಳಿಕೊಂಡು, ತೋಟಕ್ಕೇ ಬಂದು, ತಿರುಗಿಸಿ ನೋಡಿ, ಚೌಕಾಸಿ ಮಾಡಿ ಒಯ್ಯಲಿ. ಹದಿನೈದಕ್ಕೆ ಇಳಿದರೂ ಬೇಸರ ಬೇಡ. ಮತ್ತೆ, ಈ ಉತ್ತರವನ್ನು ನಿಮ್ಮ ಫೋನಿಗೆ ಮೊದಲೇ ಕಳಿಸಿದ್ದೇನೆ; ಸಂಚಿಕೆ ಶನಿವಾರದ ಟಪಾಲಿಗೆ ನಿಮ್ಮ ಮನೆ ತಲುಪುತ್ತದೆ. ನಮ್ಮ ಪತ್ರಿಕೆಯನ್ನು ನಿಮಗಿಂತ ಮೊದಲು ನಿಮ್ಮ ಮನೆಯವರೇ ಬಿಡಿಸುತ್ತಾರೆ ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಶುಕ್ರವಾರ ರಾತ್ರಿ ಊಟ ಆದ ಮೇಲೆ ಹೇಳಿಬಿಡಿ ಮೇಷ್ಟ್ರೇ.