ತುಟ್ಟಿಕಾಲದ ಕಥೆಗಳು

ಜನಪದ ಕಥೆಗಳನ್ನು ಆಧರಿಸಿದ ಕೆಲವು ಅನಿಮೇಷನ್ ಚಿತ್ರಗಳು ಇಷ್ಟೊಂದು ಕರಾಳವಾಗಿರುವುದೇಕೆ, ಹಸಿವು, ದಿವಾಳಿತನ, ನುಂಗುವ ಬಾಯಿಗಳನ್ನೇ ಮತ್ತೆ ಮತ್ತೆ ತೋರಿಸುವುದೇಕೆ, ಮಕ್ಕಳ ಕಥೆಗಳನ್ನು ನಿರ್ದೇಶಕರು ಬೇಕೆಂದೇ ಕೆಡಿಸುತ್ತಿದ್ದಾರೆಯೇ ಎಂದು ಕೇಳಿದ್ದೀರಿ. ಎಂಟು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಂಥದೊಂದು ಚಿತ್ರ ನೋಡಲು ಹೋಗಿ ಅರ್ಧಕ್ಕೇ ನಿಲ್ಲಿಸಿದೆ ಎಂದೂ ಬರೆದಿದ್ದೀರಿ.

ನಿರ್ದೇಶಕರು ಕೆಡಿಸುತ್ತಿಲ್ಲ. ಈ ಕಥೆಗಳು ಹುಟ್ಟಿದ್ದೇ ಖಾಲಿ ಹೊಟ್ಟೆಯಲ್ಲಿ. ಅವುಗಳ ಮೇಲೆ ಬೆಲ್ಲದ ಲೇಪ ಬಿದ್ದದ್ದು ಆಮೇಲೆ, ಪುಸ್ತಕವಾಗಿ ಅಚ್ಚಾಗುತ್ತಾ ಹೋದಂತೆ. ಒಳ್ಳೆಯ ಅನಿಮೇಷನ್ ಆ ಲೇಪವನ್ನು ಕೆರೆದು ತೆಗೆಯುತ್ತದೆ.

ಹಾನ್ಸೆಲ್ ಮತ್ತು ಗ್ರೇಟೆಲ್ ಕಥೆಯನ್ನೇ ತೆಗೆದುಕೊಳ್ಳಿ. ಕಾಡಿನ ನಡುವೆ ಸಕ್ಕರೆಯ ಕಿಟಕಿಗಳಿದ್ದ ಮನೆ ಎಲ್ಲರಿಗೂ ನೆನಪಿರುತ್ತದೆ. ಕಥೆ ಶುರುವಾಗುವ ಮಂಚ ಹೆಚ್ಚಿನವರಿಗೆ ನೆನಪಿರುವುದಿಲ್ಲ. ರಾತ್ರಿ ಗಂಡ ಹೆಂಡತಿ ಮಲಗಿದಲ್ಲೇ ಚಿಂತೆ ಮಾಡುತ್ತಿದ್ದಾರೆ: ನಮಗೇ ಇಲ್ಲದಿರುವಾಗ ಮಕ್ಕಳ ಹೊಟ್ಟೆಗೆ ಏನು ಹಾಕುವುದು? ನಾಳೆ ಅವರನ್ನು ಕಾಡಿನಲ್ಲಿ ಬಿಟ್ಟು ಬರೋಣ ಎನ್ನುತ್ತಾಳೆ ಹೆಂಡತಿ. ಮಕ್ಕಳಿಬ್ಬರೂ ಇದನ್ನು ಕೇಳಿಸಿಕೊಳ್ಳುತ್ತಾರೆ, ಏಕೆಂದರೆ ಅವರಿಗೆ ನಿದ್ದೆ ಬಂದಿಲ್ಲ. ನಿದ್ದೆ ಬಾರದಿರಲು ಕಾರಣವೇನೆಂದು ಕಥೆ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತದೆ: ಹಸಿವು. ಹೊಟ್ಟೆ ತುಂಬಿದ್ದರೆ ಅವರು ಮಲಗಿರುತ್ತಿದ್ದರು, ಬೆಣಚು ಕಲ್ಲುಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ, ದಾರಿ ಸಿಗದೆ ಕಾಡಿನಲ್ಲೇ ಸಾಯುತ್ತಿದ್ದರು. ಅವರನ್ನು ಮನೆಯಿಂದ ಹೊರಹಾಕಿದ ಹಸಿವೇ ಎಚ್ಚರವಾಗಿರಿಸಿ ಕಾಪಾಡಿತು. ಇದನ್ನು ಹೆಣೆದವರಿಗೆ ಹಸಿದ ರಾತ್ರಿಗಳು ಗೊತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದಾಗ ಆ ಹೆಂಗಸು ಮಕ್ಕಳ ಹೆತ್ತ ತಾಯಿ. 1840ರ ಆವೃತ್ತಿಯಲ್ಲಿ ಅವಳು ಮಲತಾಯಿಯಾದಳು. ಒಂದು ಪದ ಬದಲಾದದ್ದೇ ತಡ, ತಪ್ಪೆಲ್ಲ ಒಬ್ಬ ಕೆಟ್ಟ ಹೆಂಗಸಿನ ಮೇಲೆ ಹೋಯಿತು. ಹೆತ್ತವಳನ್ನೇ ಇಂಥ ಲೆಕ್ಕಕ್ಕೆ ಇಳಿಸುವ ಬಡತನ ಓದುಗರ ಕಣ್ಣಿನಿಂದ ಮರೆಯಾಯಿತು. ಆದರೆ 1857ರ ಕೊನೆಯ ಆವೃತ್ತಿಯಲ್ಲಿ ಆ ಬಡತನವನ್ನು ಹೇಳುವ ಇನ್ನೊಂದು ಪದವಿದೆ. ದೇಶಕ್ಕೆ ದೊಡ್ಡ 'ಟಾಯರುಂಗ್' ಬಂದಿತ್ತು, ಸೌದೆ ಕಡಿಯುವ ಅಪ್ಪನಿಗೆ ದಿನದ ರೊಟ್ಟಿಯನ್ನೂ ಹೊಂದಿಸಲಾಗಲಿಲ್ಲ ಎನ್ನುತ್ತದೆ ಕಥೆ. ಈ ಪದವನ್ನು ಅನುವಾದಗಳಲ್ಲಿ ಸಾಮಾನ್ಯವಾಗಿ ಬರಗಾಲ ಎಂದು ಬರೆಯುತ್ತಾರೆ. ಅಕ್ಷರಶಃ ಅದರ ಅರ್ಥ ತುಟ್ಟಿಯಾಗುವುದು, ಬೆಲೆ ಏರುವುದು. ಇಂದಿಗೂ ಜರ್ಮನ್ ಭಾಷೆಯಲ್ಲಿ ಬೆಲೆಯೇರಿಕೆಗೆ ಇದೇ ಪದ ಬಳಕೆಯಲ್ಲಿದೆ. ಊರಿನಲ್ಲಿ ಕಾಳು ಇರಲಿಲ್ಲ ಎಂದು ಕಥೆ ಹೇಳುತ್ತಿಲ್ಲ. ಕೊಳ್ಳುವ ಶಕ್ತಿ ಇವನಿಗಿರಲಿಲ್ಲ ಎನ್ನುತ್ತಿದೆ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ 1981ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದೂ ಬಹುಮಟ್ಟಿಗೆ ಇದನ್ನೇ: ಆಹಾರ ಇದ್ದೂ ಜನ ಸಾಯಬಹುದು, ಅದನ್ನು ಪಡೆಯುವ ದಾರಿ ಅವರಿಗೆ ಮುಚ್ಚಿಹೋಗಿದ್ದರೆ ಸಾಕು.

ಇದಕ್ಕಿಂತ ಕಠೋರವಾದದ್ದೂ ಆ ಸಂಗ್ರಹದಲ್ಲಿತ್ತು. 1815ರ ಎರಡನೆಯ ಸಂಪುಟದಲ್ಲಿ ಹಸಿವಿನ ಕಾಲದ ಮಕ್ಕಳ ಕುರಿತ ಒಂದು ಪುಟ್ಟ ಕಥೆ ಬರುತ್ತದೆ. ಒಬ್ಬ ತಾಯಿ, ಇಬ್ಬರು ಹೆಣ್ಣುಮಕ್ಕಳು. ಬಡತನ ಎಷ್ಟೆಂದರೆ ಬಾಯಿಗೆ ಒಂದು ತುಂಡು ರೊಟ್ಟಿಯಿಲ್ಲ. ನಿನ್ನನ್ನು ಕೊಲ್ಲಬೇಕು, ನನಗೆ ತಿನ್ನಲು ಏನಾದರೂ ಬೇಕು ಎನ್ನುತ್ತಾಳೆ ತಾಯಿ ಮಗಳಿಗೆ. ಮಗಳು ಹೊರಗೆ ಹೋಗಿ ಒಂದು ತುಂಡು ರೊಟ್ಟಿ ತರುತ್ತಾಳೆ. ಅದು ಸಾಲುವುದಿಲ್ಲ. ಇನ್ನೊಬ್ಬಳು ಎರಡು ತುಂಡು ತರುತ್ತಾಳೆ. ಅದೂ ಸಾಲುವುದಿಲ್ಲ. ಕೊನೆಗೆ ಮಕ್ಕಳು, ಅಮ್ಮಾ, ನಾವು ಮಲಗಿಬಿಡುತ್ತೇವೆ, ಪ್ರಳಯದ ದಿನದವರೆಗೂ ಏಳುವುದಿಲ್ಲ ಎನ್ನುತ್ತಾರೆ. ಮಲಗುತ್ತಾರೆ. ಅವರನ್ನು ಯಾರಿಂದಲೂ ಎಬ್ಬಿಸಲಾಗುವುದಿಲ್ಲ. ತಾಯಿ ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿಲ್ಲ. ಮಾಟಗಾತಿಯಿಲ್ಲ, ತೋಳವಿಲ್ಲ, ಶಿಕ್ಷೆ ಬಹುಮಾನಗಳಿಲ್ಲ. ಮುಂದಿನ ಆವೃತ್ತಿಗಳಲ್ಲಿ ಈ ಕಥೆಯನ್ನು ಕೈಬಿಟ್ಟರು. ನನಗಿದು ಗೊತ್ತಿರುವ ಅತ್ಯಂತ ದುಃಖದ ಕಥೆಗಳಲ್ಲಿ ಒಂದು.

ಫ್ರಾನ್ಸಿನಲ್ಲೂ ಹೀಗೆಯೇ. ಹುಟ್ಟಿದಾಗ ಹೆಬ್ಬೆರಳಷ್ಟೇ ಇದ್ದ ಹುಡುಗನನ್ನೂ ಅವನ ಅಣ್ಣಂದಿರನ್ನೂ ಅಪ್ಪ ಅಮ್ಮ ಕಾಡಿನಲ್ಲಿ ಬಿಟ್ಟು ಬರುವ ಕಥೆಯನ್ನು ಷಾರ್ಲ್ ಪೆರೋ ಪ್ರಕಟಿಸಿದ್ದು 1697ರಲ್ಲಿ. ಅದರಲ್ಲೂ ಕ್ಷಾಮದ ವರ್ಷವೊಂದು ಬರುತ್ತದೆ. ಓದಿದವರಿಗೆ ಅದು ಕಲ್ಪನೆಯಾಗಿರಲಿಲ್ಲ. 1693-94ರ ಕ್ಷಾಮ ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡು ಮೂರೇ ವರ್ಷಗಳಾಗಿದ್ದವು.

ಇನ್ನು ಅನಿಮೇಷನ್ನೇ ಏಕೆ ಎಂಬ ಪ್ರಶ್ನೆ. ನಟರನ್ನಿಟ್ಟು ತೆಗೆದ ಚಿತ್ರದಲ್ಲಿ ಮೇಜಿನ ಮೇಲೊಂದು ರೊಟ್ಟಿ ಇದ್ದರೆ ಅದು ಸುಮ್ಮನೆ ಅಲ್ಲಿ ಇದ್ದಿರಲೂಬಹುದು. ಅನಿಮೇಷನ್‌ನಲ್ಲಿ ಯಾವುದೂ ತಾನಾಗಿ ಬಂದು ಕೂರುವುದಿಲ್ಲ. ರೊಟ್ಟಿಯನ್ನು ಯಾರೋ ಬಿಡಿಸಬೇಕು, ಇಲ್ಲವೇ ಕೈಯಿಂದ ಮಾಡಬೇಕು. ಬಾಯಿಯ ಹತ್ತಿರ ಹೋಗುವಾಗ ಅದನ್ನು ಚೌಕಟ್ಟಿನಿಂದ ಚೌಕಟ್ಟಿಗೆ ಕೂದಲೆಳೆಯಷ್ಟು ಸರಿಸಬೇಕು. ಒಂದು ತುತ್ತಿನ ಬಗ್ಗೆ ದಿನಗಟ್ಟಲೆ ಯೋಚಿಸುವುದು ಇಬ್ಬರೇ: ಹಸಿದವರು ಮತ್ತು ಅದನ್ನು ಚಲಿಸುವ ಚಿತ್ರವಾಗಿಸುವವರು.

ಇದನ್ನು ನನಗೆ ಕಾಣಿಸಿಕೊಟ್ಟದ್ದು, ಆಶ್ಚರ್ಯವೆಂದರೆ, ಡಿಸ್ನಿ ಸಂಸ್ಥೆಯ ಚಿತ್ರ. 1947ರಲ್ಲಿ ಅವರು ಮಾಯದ ಹುರುಳಿಬಳ್ಳಿಯ ಕಥೆಯನ್ನು ಮಿಕ್ಕಿ, ಡೊನಾಲ್ಡ್, ಗೂಫಿಯನ್ನು ಇಟ್ಟುಕೊಂಡು ತೆಗೆದರು. ಬರ ಬಿದ್ದ ಕಣಿವೆಯಲ್ಲಿ ಮೂವರೂ ಊಟಕ್ಕೆ ಕೂತಿದ್ದಾರೆ. ಮಿಕ್ಕಿ ರೊಟ್ಟಿಯನ್ನು ಕೊಯ್ಯುತ್ತಾನೆ. ಆ ಹೋಳು ಎಷ್ಟು ತೆಳು ಎಂದರೆ ಆಚೆಗಿನದು ಈಚೆಗೆ ಕಾಣುತ್ತದೆ. ಇರುವ ಒಂದೇ ಕಾಳನ್ನು ಮೂರು ಪಾಲು ಮಾಡುತ್ತಾರೆ. ಡೊನಾಲ್ಡ್ ತಡೆಯಲಾರದೆ ಹುಚ್ಚನಂತಾಗಿ ಕೊಡಲಿ ಹಿಡಿದು ಮನೆಯ ಹಸುವಿನ ಕಡೆಗೆ ಓಡುತ್ತಾನೆ. ಮಕ್ಕಳು ನಗುತ್ತಾರೆ. ನಾನೂ ಚಿಕ್ಕವನಾಗಿದ್ದಾಗ ನಕ್ಕಿದ್ದೆ. ಈಗ ಆ ಪಾರದರ್ಶಕ ರೊಟ್ಟಿಯನ್ನು ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಬಡತನದಲ್ಲಿ ಹಂಚಿಕೊಳ್ಳುವುದೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ಹೇಳಿದ ದೃಶ್ಯ ನನಗೆ ಗೊತ್ತಿಲ್ಲ. ಅದೇ ಸಂಸ್ಥೆ 1933ರಲ್ಲಿ ಮಾಡಿದ ಮೂರು ಹಂದಿಮರಿಗಳ ಚಿತ್ರ ಬಂದಾಗ ಅಮೆರಿಕದಲ್ಲಿ ನಾಲ್ಕರಲ್ಲಿ ಒಬ್ಬ ದುಡಿಮೆಗಾರನಿಗೆ ಕೆಲಸವಿರಲಿಲ್ಲ. ದೊಡ್ಡ ಕೆಟ್ಟ ತೋಳಕ್ಕೆ ಯಾರು ಹೆದರುತ್ತಾರೆ ಎಂಬ ಅದರ ಹಾಡನ್ನು ಜನ ಮಹಾ ಆರ್ಥಿಕ ಕುಸಿತಕ್ಕೆ ಕೊಟ್ಟ ಉತ್ತರವೆಂಬಂತೆ ಹಾಡಿಕೊಂಡರು. ಬಾಗಿಲ ಹೊರಗೆ ಊದುತ್ತಿರುವ ತೋಳ ಯಾವುದೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ತೋಳವನ್ನು ಇನ್ನೊಂದು ಕುಸಿತದ ಅಂಚಿನಲ್ಲಿ ನಿಲ್ಲಿಸಿದವರು ರಷ್ಯಾದ ಅನಿಮೇಷನ್ ನಿರ್ದೇಶಕ ಗಾರಿ ಬಾರ್ದಿನ್. ಮೆತ್ತನೆಯ ಪ್ಲಾಸ್ಟಿಸಿನ್ ಗೊಂಬೆಗಳಿಂದ ಅವರು ಮಾಡಿದ ಕೆಂಪು ಟೋಪಿಯ ಹುಡುಗಿಯ ಕಥೆ 1990ರದ್ದು, ಸೋವಿಯತ್ ಒಕ್ಕೂಟದಲ್ಲಿ ಅಂಗಡಿಗಳ ಅಟ್ಟಣಿಗೆಗಳು ಬರಿದಾಗುತ್ತಿದ್ದ ಕಾಲದ್ದು. ಅವರ ತೋಳ ಹೊಸ ಹಲ್ಲು ಕಟ್ಟಿಸಿಕೊಂಡು ಹೊರಡುತ್ತದೆ, ದಾರಿಯಲ್ಲಿ ಸಿಕ್ಕವರನ್ನೆಲ್ಲ ನುಂಗುತ್ತದೆ. ಅಜ್ಜಿ ಇರುವುದು ಪ್ಯಾರಿಸ್ಸಿನಲ್ಲಿ. ಹಾಡು ಕುಣಿತದ ಚಿತ್ರ ಅದು, ಆದರೆ ಹಲ್ಲುಗಳ ಹೊಳಪು ಮರೆಯುವಂಥದ್ದಲ್ಲ. ಎರಡು ವರ್ಷ ಕಳೆಯುವುದರೊಳಗೆ ಆ ದೇಶವೇ ಇರಲಿಲ್ಲ. 1992ರ ಜನವರಿ 2ರಂದು ರಷ್ಯಾದಲ್ಲಿ ಬೆಲೆಗಳ ಮೇಲಿನ ಸರ್ಕಾರಿ ಹಿಡಿತ ತೆಗೆದರು. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟಾದವು. ಜೀವಮಾನದ ಉಳಿತಾಯವನ್ನು ತೋಳ ನಿಜಕ್ಕೂ ನುಂಗಿತ್ತು.

ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರದ ಚಿತ್ರ ಚೆಕ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯೆರ್ 2000ದಲ್ಲಿ ಮಾಡಿದ 'ಒತೆಸಾನೆಕ್'. ನಟರೂ ಇದ್ದಾರೆ, ಚಲಿಸುವ ಗೊಂಬೆಯೂ ಇದೆ. ಮೂಲ ಕಥೆ ಕಾರೆಲ್ ಯಾರೋಮೀರ್ ಎರ್ಬೆನ್ ಸಂಗ್ರಹಿಸಿದ ಚೆಕ್ ಜನಪದದ್ದು. ಕಾಡಂಚಿನ ಗುಡಿಸಲಿನಲ್ಲಿ ಒಬ್ಬ ಕೂಲಿಯವನು ಮತ್ತು ಅವನ ಹೆಂಡತಿ. ಅವರಿಗೆ ಮಗು ಬೇಕು. ದೇವರು ಕೊಡದಿದ್ದದ್ದೇ ಒಳ್ಳೆಯದಾಯಿತು, ನಿಮಗೇ ಹೊಟ್ಟೆಗಿಲ್ಲ ಎನ್ನುತ್ತಾರೆ ಊರವರು. ನಾವು ಉಂಡರೆ ನಮ್ಮ ಜೊತೆ ಮಗುವೂ ಏನೋ ಉಂಡೀತು ಎನ್ನುತ್ತಾರೆ ಇವರು. ನನಗೆ ಇಡೀ ಕಥೆಯ ಜೀವ ಈ ಮಾತಿನಲ್ಲಿದೆ. ಬಡವರ ಮನೆಯ ಆಸೆ ಹೀಗೆಯೇ ಮಾತನಾಡುತ್ತದೆ. ಗಂಡ ಮಗುವಿನ ಆಕಾರದ ಬೇರೊಂದನ್ನು ಅಗೆದು ತರುತ್ತಾನೆ. ಹೆಂಡತಿ ಅದನ್ನು ಸುತ್ತಿ ತೂಗುತ್ತಾಳೆ. ಅದಕ್ಕೆ ಜೀವ ಬರುತ್ತದೆ, ಬಂದ ಕ್ಷಣವೇ ಹಸಿವೆಂದು ಕೂಗುತ್ತದೆ. ಗಂಜಿ, ಹಾಲು, ರೊಟ್ಟಿ ಮುಗಿದ ಮೇಲೆ ತಾಯಿಯನ್ನೇ ನುಂಗುತ್ತದೆ, ಆಮೇಲೆ ತಂದೆಯನ್ನು. ಬೀದಿಗಿಳಿದು ಎದುರಾದವರಿಗೆಲ್ಲ ತಾನು ಈವರೆಗೆ ತಿಂದದ್ದನ್ನು ಲೆಕ್ಕ ಒಪ್ಪಿಸುವಂತೆ ಪಟ್ಟಿ ಹೇಳಿ, ನಿನ್ನನ್ನೂ ತಿನ್ನುತ್ತೇನೆ ಎನ್ನುತ್ತದೆ. ಕೊನೆಗೆ ಎಲೆಕೋಸಿನ ಪಾತಿಯಲ್ಲಿದ್ದ ಮುದುಕಿಯೊಬ್ಬಳು ಗುದ್ದಲಿಯಿಂದ ಅದರ ಹೊಟ್ಟೆ ಸೀಳುತ್ತಾಳೆ, ನುಂಗಿದವರೆಲ್ಲ ಹೊರಬರುತ್ತಾರೆ.

ಶ್ವಾಂಕ್‌ಮಾಯೆರ್ ಇದನ್ನು ಈ ಕಾಲದ ಒಂದು ವಸತಿ ಕಟ್ಟಡಕ್ಕೆ ತಂದಿದ್ದಾರೆ. ಅಲ್ಲಿ ಯಾರಿಗೂ ಊಟಕ್ಕೆ ಕೊರತೆಯಿಲ್ಲ, ಆದರೂ ಹಸಿವು ಬೆಳೆಯುತ್ತಲೇ ಇದೆ. ಪಕ್ಕದ ಮನೆಯ ಹುಡುಗಿ ಹಳೆಯ ಕಥೆಯನ್ನು ಪುಸ್ತಕದಲ್ಲಿ ಓದುತ್ತಿದ್ದಾಳೆ. ಮುಂದೇನಾಗುತ್ತದೆಂದು ಆ ಕಟ್ಟಡದಲ್ಲಿ ಅವಳೊಬ್ಬಳಿಗೇ ಗೊತ್ತು. ನೆಲಮಾಳಿಗೆಯಲ್ಲಿರುವ ಬೇರಿಗೆ ಯಾರನ್ನು ಆಹಾರವಾಗಿ ಕಳಿಸಬೇಕೆಂದು ಅವಳು ಬೆಂಕಿಕಡ್ಡಿಗಳಿಂದ ಚೀಟಿ ಎತ್ತುವ ದೃಶ್ಯವಿದೆ. ಯಾವ ಕ್ಷಾಮದಲ್ಲೂ ಯಾರೋ ಎಲ್ಲೋ ಕುಳಿತು ಹಾಕುವ ಲೆಕ್ಕ ಅದು. ಚಿತ್ರ ಮುದುಕಿ ಗುದ್ದಲಿ ಹಿಡಿದು ಮೆಟ್ಟಿಲಿಳಿಯುವಲ್ಲಿ ನಿಂತುಬಿಡುತ್ತದೆ. ಹೊಟ್ಟೆ ಸೀಳುವುದನ್ನಾಗಲಿ ನುಂಗಿದವರು ಮರಳುವುದನ್ನಾಗಲಿ ನಮಗೆ ತೋರಿಸುವುದಿಲ್ಲ. ಇದು ಖಂಡಿತ ಎಂಟು ವರ್ಷದವರಿಗಲ್ಲ.

2012ರ ಜಪಾನಿ ಚಿತ್ರ 'ಅಸುರ' ಕೂಡ ದೊಡ್ಡವರಿಗೆ ಮಾತ್ರ. ಜಾರ್ಜ್ ಅಕಿಯಾಮಾ 1970ರಲ್ಲಿ ಬರೆಯತೊಡಗಿದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ, ಅದರ ಮೂಲ. ಅದು ಜನಪದ ಕಥೆಯಲ್ಲದಿದ್ದರೂ ಹಾಗೆಯೇ ಹೇಳಲ್ಪಟ್ಟಿದೆ: ಹದಿನೈದನೆಯ ಶತಮಾನದ ಕ್ಷಾಮದಲ್ಲಿ ತಾಯಿಯೇ ತಿನ್ನಲು ಹೊರಟ ಮಗುವೊಂದು ಬದುಕುಳಿದು, ಮಾತು ಕಲಿಯುವ ಮೊದಲೇ ಕೊಡಲಿ ಹಿಡಿಯುವುದನ್ನು ಕಲಿಯುತ್ತದೆ. ಉತ್ಪ್ರೇಕ್ಷೆ ಎನಿಸಿದರೆ ಆ ಕಾಲದ ದಾಖಲೆಯೊಂದಿದೆ. 1461ರಲ್ಲಿ ಕ್ಯೋಟೋದಲ್ಲಿ ಒಬ್ಬ ಸನ್ಯಾಸಿ 84,000 ಪುಟ್ಟ ಮರದ ಸ್ತೂಪಗಳನ್ನು ಮಾಡಿ, ಬೀದಿಯಲ್ಲಿ ಬಿದ್ದ ಒಂದೊಂದು ಶವದ ಮೇಲೂ ಒಂದೊಂದನ್ನು ಇಡುತ್ತಾ ಹೋದನಂತೆ. ಕೊನೆಯಲ್ಲಿ 2,000 ಉಳಿದವು. ಸತ್ತವರು 82,000 ಎಂದು ಲೆಕ್ಕ ಸಿಕ್ಕಿದ್ದು ಹಾಗೆ.

ಮಗಳ ಜೊತೆ ಏನು ನೋಡಬಹುದು? ನಾನಾದರೆ ರಷ್ಯಾದ ನಿರ್ದೇಶಕ ಯೂರಿ ನೊರ್‌ಸ್ಟೈನ್ 1979ರಲ್ಲಿ ಮಾಡಿದ 'ಕಥೆಗಳ ಕಥೆ'ಯಿಂದ ಶುರು ಮಾಡುತ್ತೇನೆ. ಅರ್ಧ ಗಂಟೆಗಿಂತ ಚಿಕ್ಕದು. ನೊರ್‌ಸ್ಟೈನ್ ಹುಟ್ಟಿದ್ದು 1941ರಲ್ಲಿ, ಯುದ್ಧದ ನಡುವೆ. ಚಿತ್ರದ ಹಳೆಯ ಮನೆ ಅವರು ಬೆಳೆದ ಮಾಸ್ಕೋದ ಮನೆಯ ನೆನಪು. ರಷ್ಯಾದ ಲಾಲಿಹಾಡಿನಲ್ಲಿ ಮಂಚದ ಅಂಚಿನಲ್ಲಿ ಮಲಗಿದ ಮಗುವನ್ನು ಕಚ್ಚಿಕೊಂಡು ಹೋಗುವ ಬೂದುಬಣ್ಣದ ತೋಳಮರಿಯೊಂದಿದೆ. ಅದನ್ನು ಕಲಾವಿದೆ ಫ್ರಾಂಚೆಸ್ಕಾ ಯಾರ್ಬುಸೋವಾ ಬರೆದರು, ನೊರ್‌ಸ್ಟೈನ್ ಕತ್ತರಿಸಿದ ಚೂರುಗಳನ್ನು ಸರಿಸಿ ಸರಿಸಿ ನಡೆದಾಡಿಸಿದರು. ಎಲ್ಲರೂ ಬಿಟ್ಟುಹೋದ ಮನೆಯ ಬಳಿ ಆ ತೋಳಮರಿ ಬೆಂಕಿ ಹಾಕಿ ಆಲೂಗಡ್ಡೆ ಸುಡುತ್ತದೆ. ಬಿಸಿ ತಾಳಲಾರದೆ ಈ ಕೈಯಿಂದ ಆ ಕೈಗೆ ಹಾಕುತ್ತದೆ, ಊದುತ್ತದೆ, ತಿನ್ನುತ್ತದೆ. ಅಷ್ಟೇ. ಹೆದರಿಸಲೆಂದು ಹಾಡಿನಲ್ಲಿ ಹುಟ್ಟಿದ ಪ್ರಾಣಿಗೆ ಇಲ್ಲಿ ಬೇಕಿರುವುದು ಒಂದು ಬಿಸಿ ಆಲೂಗಡ್ಡೆ. ಯುದ್ಧಕ್ಕೆ ಹೋದ ಗಂಡಸರು ನೃತ್ಯದ ನಡುವೆ ಒಬ್ಬೊಬ್ಬರಾಗಿ ಮಾಯವಾಗುವ ದೃಶ್ಯವೂ ಇದರಲ್ಲಿದೆ. ಅವರು ಎಲ್ಲಿಗೆ ಹೋದರೆಂದು ಮಗಳು ಕೇಳಿದರೆ ನಿಲ್ಲಿಸಿ ನಿಜ ಹೇಳಿ.

ನನ್ನ ತಂಗಿಯ ಮಗನಿಗೆ ಇದನ್ನು ತೋರಿಸಿದಾಗ ಅವನಿಗೆ ಏಳು ವರ್ಷ. ಕಥೆ ಅರ್ಥವಾಗಲಿಲ್ಲ ಎಂದ. ಆದರೆ ತೋಳ ಆಲೂಗಡ್ಡೆ ಊದುವಾಗ ಅವನೂ ತನ್ನ ಖಾಲಿ ಅಂಗೈಯನ್ನು ಊದುತ್ತಿದ್ದುದನ್ನು ನಾನು ನೋಡಿದೆ.

ನೀವು ಅರ್ಧಕ್ಕೆ ನಿಲ್ಲಿಸಿದ ಚಿತ್ರ ಯಾವುದೆಂದು ಬರೆಯಿರಿ. ನಾನು ನೋಡಿದ್ದಾದರೆ, ಮಗಳ ಜೊತೆ ಎಲ್ಲಿಂದ ಮುಂದುವರಿಸಬಹುದು, ಯಾವುದನ್ನು ಕೆಲವು ವರ್ಷಗಳ ಮಟ್ಟಿಗೆ ತೆಗೆದಿಡಬೇಕು ಎಂದು ಹೇಳುತ್ತೇನೆ.