ಯೆರೆಮೀಯ 29:11 ನನಗೇ ಕೊಟ್ಟ ವಾಗ್ದಾನವೇ?

ಬೈಬಲಿನ ಈ ವಚನದಲ್ಲಿ ದೇವರು, ನಿಮ್ಮ ವಿಷಯದಲ್ಲಿ ನನ್ನ ಯೋಚನೆಗಳು ಕೇಡಿನವಲ್ಲ, ಹಿತದವು, ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುವಂಥವು ಎನ್ನುತ್ತಾನೆ. ಹೊಸ ವರ್ಷದ ಪ್ರಸಂಗಗಳಲ್ಲಿ ಇದನ್ನು ಕೆಲಸ, ಮದುವೆ, ವೀಸಾಗಳ ಭರವಸೆಯಾಗಿ ಸಾರುತ್ತಾರೆ, ಅದು ಸರಿಯೇ ಎಂದು ಕೇಳಿದ್ದೀರಿ. ನನ್ನ ಮಟ್ಟಿಗೆ, ಅಷ್ಟು ನೇರವಾಗಿ ಅಲ್ಲ.

ಇದು ಒಂದು ಪತ್ರದ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿನ (ಬ್ಯಾಬಿಲೋನಿನ) ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ತನ್ನ ನಾಡಿಗೆ ಸೆರೆಯೊಯ್ದವರಿಗೆ ಪ್ರವಾದಿ ಯೆರೆಮೀಯ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯ ಎಂಬವನು, ಸೆರೆಹೋದವರೆಲ್ಲ ಎರಡೇ ವರ್ಷದಲ್ಲಿ ಮರಳುತ್ತಾರೆ ಎಂದು ಸಾರಿದ್ದ. ಜನರ ಕಿವಿಗೆ ಇಂಪಾಗುವ ಮಾತು. ಯೆರೆಮೀಯನ ಪತ್ರ ಹೇಳಿದ್ದು ಎಪ್ಪತ್ತು ವರ್ಷ. ಅದೂ 10ನೇ ವಚನದಲ್ಲಿ, ನಮಗೆ ಪ್ರಿಯವಾದ ಸಾಲಿನ ಪಕ್ಕದಲ್ಲೇ! ಪತ್ರ ಕೇಳಿಸಿಕೊಂಡ ನಡುವಯಸ್ಸಿನವರು ಮತ್ತೆ ತಮ್ಮ ಊರು ನೋಡುವಂತಿರಲಿಲ್ಲ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ. ತಮ್ಮನ್ನು ಸೆರೆಹಿಡಿದವರ ಊರಿಗೆ ಒಳಿತು ಕೋರಬೇಕೆಂಬ ಈ ಮಾತಿನ ಮೇಲೆ ಪ್ರಸಂಗ ಕೇಳಿದ ನೆನಪೇ ನನಗಿಲ್ಲ.

ಹಾಗಾದರೆ ನಮಗೆ ಇದರಲ್ಲಿ ಏನೂ ಇಲ್ಲವೇ? ಖಂಡಿತ ಇದೆ. ದೇವರು ತನ್ನ ಜನರನ್ನು ಪರದೇಶದಲ್ಲೂ ಕೈಬಿಡಲಿಲ್ಲ ಎಂಬುದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಈ ವರ್ಷವೇ ಕೆಲಸ ಸಿಗುತ್ತದೆ ಎಂಬ ಮಾತು ಮಾತ್ರ ಅಲ್ಲಿಲ್ಲ. 28ನೇ ಅಧ್ಯಾಯದಿಂದಲೇ ಶುರುಮಾಡಿ, 29:14ರವರೆಗೆ ಒಂದೇ ಸಲಕ್ಕೆ ಓದಿ ನೋಡಿ.